ಪರ್ಯಾಯದ ಸ್ವಯಂಸೇವಕರಿಗೆ ಯಾವ ಜಾಲ: ರೂಟರ್ ವೈಫೈಯೋ, ಆಡ್‌ಹಾಕ್ ಜಾಲವೋ?

ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವವೇ ಪರ್ಯಾಯ. ಅದಕ್ಕಾಗಿ ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿನಲ್ಲಿ, ಜೋಡುಕಟ್ಟೆಯಿಂದ ರಥಬೀದಿಯವರೆಗೆ ಜನವೋ ಜನ. ಅಷ್ಟೂ ಮೊಬೈಲ್‌ಗಳು ಒಟ್ಟಿಗೆ ಎದ್ದರೆ ಟವರ್ ಕೈಚೆಲ್ಲುವುದು ಸಹಜ. ಸ್ವಯಂಸೇವಕರಿಗೆ ಪ್ರತ್ಯೇಕ ಜಾಲ ಬೇಕೇ ಬೇಕು.

ರೂಟರ್ ವೈಫೈ ವೇಗದ್ದು, ವಿಡಿಯೊ ಸಲೀಸು. ಆದರೆ ಎಲ್ಲ ಮಾತೂ ಒಂದೇ ಡಬ್ಬಿಯ ಮೂಲಕ ಹೋಗಬೇಕು. ಅದರ ಕರೆಂಟು ಹೋದರೆ ಎಲ್ಲರೂ ಮೂಕರು.

ಆಡ್‌ಹಾಕ್ ಜಾಲಕ್ಕೆ ಯಜಮಾನನೇ ಇಲ್ಲ. ಪ್ರತಿ ಸಾಧನವೂ ತನ್ನ ಸಂದೇಶದ ಜೊತೆಗೆ ಪಕ್ಕದವರದ್ದನ್ನೂ ಸಾಗಿಸುತ್ತದೆ. ಜೋಡುಕಟ್ಟೆಯವರ ಸಂಕೇತ ರಥಬೀದಿಗೆ ತಲುಪದಿದ್ದರೆ ನಡುವೆ ನಿಂತವರ ಸಾಧನ ದಾಟಿಸುತ್ತದೆ. ಅವರು ಊಟಕ್ಕೆ ಎದ್ದು ಹೋದರೆ (ಹೋಗಿಯೇ ಹೋಗುತ್ತಾರೆ) ಜಾಲ ಬೇರೆ ದಾರಿ ಹುಡುಕುತ್ತದೆ. ಬೆಲೆಯೂ ಇದೆ: ಒಂದೇ ಚಾನೆಲ್‌ನಲ್ಲಿ ಕೇಳಿ, ಮತ್ತೆ ಹೇಳಬೇಕಾದ್ದರಿಂದ ಎರಡನೇ ಜಿಗಿತಕ್ಕೇ (ಒಂದು ಸಾಧನದಿಂದ ಇನ್ನೊಂದಕ್ಕೆ ದಾಟುವುದೇ ಒಂದು ಜಿಗಿತ) ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಬ್ಯಾಟರಿಯೂ ಬೇಗ ಕರಗುತ್ತದೆ. ನಡುವೆ ಯಾರೂ ಇಲ್ಲದಿದ್ದರೆ ಜಾಲವೇ ಇಲ್ಲ.

ಇಂಥ ಜಾಲ ಕಟ್ಟಲು ಮೊಬೈಲಿನ ಆ್ಯಪ್‌ಗಳನ್ನು ನಂಬುವುದಕ್ಕಿಂತ ಲೋರಾ (ಕಡಿಮೆ ಶಕ್ತಿಯಲ್ಲೇ ದೂರ ತಲುಪುವ ರೇಡಿಯೊ ತಂತ್ರ) ರೇಡಿಯೊಗಳ ಮೆಶ್, ಅಂದರೆ ಒಂದರ ಸಂದೇಶವನ್ನು ಇನ್ನೊಂದು ದಾಟಿಸುವ ಜಾಲ, ಮೇಲು ಎಂಬುದು ನನ್ನ ಅಭಿಪ್ರಾಯ. ಭಾರತದಲ್ಲಿ 865–868 ಮೆಗಾಹರ್ಟ್ಸ್‌ನಲ್ಲಿ, ನಿಗದಿತ ಶಕ್ತಿಯ ಮಿತಿಯೊಳಗೆ, ಬಳಕೆಗೆ ಪರವಾನಗಿ ಬೇಕಿಲ್ಲ. ಆದರೆ ಚುಟುಕು ಸಂದೇಶವಷ್ಟೇ. ‘ಮಗು ಸಿಕ್ಕಿದೆ, ಕಚೇರಿಗೆ ಬನ್ನಿ’ ಎನ್ನಲು ಅದು ಧಾರಾಳ ಸಾಕು.

ಕ್ಯಾಮೆರಾ, ಕಚೇರಿಗೆ ಯುಪಿಎಸ್ ಜೋಡಿಸಿದ ರೂಟರ್ ಇರಲಿ. ಬೀದಿಯಲ್ಲಿ ಓಡಾಡುವವರ ಕೈಗೆ ಲೋರಾ ಕೊಡಿ.