ಗೂಗಲ್‌ನಲ್ಲಿ ಮೊದಲ ಸ್ಥಾನದ ಖಾತರಿ: ಹದಿನಾಲ್ಕು ತಿಂಗಳು ಹಣ ಕಟ್ಟಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹಣ ಕಟ್ಟಿದ ಡಿಜಿಟಲ್ ಮಾರ್ಕೆಟಿಂಗ್ ಕಂಪನಿಯವರು ಮಾತಿಗೆ ತಪ್ಪಲಿಲ್ಲ. ಆರು ತಿಂಗಳಲ್ಲಿ ನಮ್ಮ ಜಾಲತಾಣವನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಎಂದಿದ್ದರು, ನಾಲ್ಕೇ ತಿಂಗಳಲ್ಲಿ ತಂದರು. ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ನಮ್ಮದು ಕೊಡಗಿನ ಚೇರಂಬಾಣೆಯಿಂದ ಒಳಗೆ, ಕಾಫಿ ತೋಟದ ನಡುವೆ ಮೂರು ಕೋಣೆಯ ಹೋಂಸ್ಟೇ. ಕಳೆದ ವರ್ಷದ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಒಬ್ಬ ಅತಿಥಿಯೂ ಇರಲಿಲ್ಲ. ಹಾಸಿಗೆಗೆ ಬೂಷ್ಟು ಹಿಡಿಯದಿರಲಿ ಎಂದು ದಿನಕ್ಕೊಂದು ಕೋಣೆಯಲ್ಲಿ ಕೆಂಡದ ಬಾಣಲೆ ಇಡುತ್ತಿದ್ದೆವು. ಅಂಥ ಒಂದು ಮಧ್ಯಾಹ್ನ ಆ ಕಂಪನಿಯಿಂದ ಕರೆ ಬಂತು. ಗೂಗಲ್‌ನಲ್ಲಿ ಜನ ಬರೆದು ಹುಡುಕುವ ಹತ್ತು ಪದಗುಚ್ಛಗಳಿಗೆ ಮೊದಲ ಪುಟದ ಖಾತರಿ, ಬರದಿದ್ದರೆ ಹಣ ವಾಪಸ್, ಗೂಗಲ್ ಜೊತೆ ತಮಗೆ ವಿಶೇಷ ಒಡನಾಟವಿದೆ ಎಂದರು. ಮಳೆಗಾಲದಲ್ಲಿ ಖಾಲಿ ಮನೆಯಲ್ಲಿ ಕುಳಿತವನಿಗೆ ಯಾರು ಏನು ಹೇಳಿದರೂ ಹಿತವಾಗಿ ಕೇಳಿಸುತ್ತದೆ. ಬೆಲೆ ಏರಲಿ ಎಂದು ಇಟ್ಟಿದ್ದ ಎರಡು ಮೂಟೆ ಕರಿಮೆಣಸು ಮಾರಿ ಆರು ತಿಂಗಳಿನ 54,000 ರೂಪಾಯಿಯನ್ನು ಮುಂಗಡವಾಗಿ ಕಟ್ಟಿದೆ. ನಮ್ಮ ಕೋಣೆಯ ಬಾಡಿಗೆ ರಾತ್ರಿಗೆ 2,800. ಲೆಕ್ಕ ನೀವೇ ಹಾಕಿಕೊಳ್ಳಿ.

ಅಲ್ಲಿಂದ ನನಗೊಂದು ಚಟ ಹತ್ತಿತು. ಬೆಳಿಗ್ಗೆ ಬೆಲ್ಲದ ಕಾಫಿಯ ಲೋಟ ಹಿಡಿದು ಕಾಫಿ ಒಣಗಿಸುವ ಕಣಕ್ಕೆ ಹೋಗುವುದು. ಅದರ ಆಚೆ ಮೂಲೆಯಲ್ಲಿ, ಹಲಸಿನ ಮರದ ಪಕ್ಕದಲ್ಲಿ ಮಾತ್ರ ನಮಗೆ ಸಿಗ್ನಲ್ ಸಿಗುತ್ತದೆ. ನಾಯಿಯೂ ಹಿಂದೆಯೇ ಬಂದು ಕೂರುತ್ತಿತ್ತು. ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಹತ್ತೂ ಪದಗುಚ್ಛಗಳನ್ನು ಒಂದೊಂದಾಗಿ ಹುಡುಕುವುದು, ನಿನ್ನೆ ಹದಿನೇಳನೆಯದಾಗಿದ್ದ ನಮ್ಮ ಮನೆ ಇಂದು ಹನ್ನೆರಡಕ್ಕೆ ಬಂದಿದ್ದರೆ ಹಿಗ್ಗುವುದು. ಕೊನೆಯ ಗುಟುಕಿನ ಹೊತ್ತಿಗೆ ಕಾಫಿ ತಣ್ಣಗಾಗಿರುತ್ತಿತ್ತು. ನವೆಂಬರಿನ ಒಂದು ಬೆಳಿಗ್ಗೆ ನಾವು ಒಂದನೆಯ ಸ್ಥಾನದಲ್ಲಿದ್ದೆವು. ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿದೆ.

ಹುತ್ತರಿ ಹಬ್ಬಕ್ಕೆ ಮೈಸೂರಿನಿಂದ ಅಕ್ಕನ ಮಗ ಬಂದ. ಕಂಪ್ಯೂಟರ್ ಕೆಲಸದವನು. ಹೆಮ್ಮೆಯಿಂದ ತೋರಿಸಿದೆ. ನಾವು ಗೆದ್ದಿದ್ದ ಪದಗುಚ್ಛ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ‘ಚೇರಂಬಾಣೆ ಹತ್ತಿರ ಕಾಫಿ ತೋಟದ ನಡುವಿನ ಪ್ರಶಾಂತ ಹಂಚಿನ ಮನೆ ಕುಟುಂಬ ಹೋಂಸ್ಟೇ’. ಅವನು ಓದಿ, ಒಂದು ಕಡಂಬುಟ್ಟು ಬಾಯಿಗೆ ಹಾಕಿಕೊಂಡು, “ಮಾವ, ಇಷ್ಟುದ್ದ ಬರೆದು ಯಾರು ಹುಡುಕುತ್ತಾರೆ?” ಎಂದ.

ಜನ ಹುಡುಕುವುದು ‘ಕೂರ್ಗ್ ಹೋಂಸ್ಟೇ’ ಎಂದು. ಅಲ್ಲಿ ಮೊದಲ ಪುಟವನ್ನು ದೊಡ್ಡ ಬುಕಿಂಗ್ ಜಾಲತಾಣಗಳೇ ಆಕ್ರಮಿಸಿಕೊಂಡಿವೆ. ಯಾರೂ ಹುಡುಕದ ಪದವನ್ನು ಆರಿಸಿಕೊಂಡರೆ ಪೈಪೋಟಿಯೇ ಇಲ್ಲ, ಖಾತರಿ ಕೊಡಲು ಏನು ಕಷ್ಟ? ಒಪ್ಪಂದವನ್ನು ತೆಗೆದು ನೋಡಿದರೆ ಪದಗಳ ಆಯ್ಕೆ ‘ಪರಸ್ಪರ ಒಪ್ಪಿಗೆಯಿಂದ’ ಎಂದಿತ್ತು. ಅವರು ಪಟ್ಟಿ ಕಳುಹಿಸಿದ್ದರು, ನಾನು ಓದದೆ ಸರಿ ಎಂದಿದ್ದೆ. ಹಣ ವಾಪಸ್ ಎಂಬುದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಥವಾ ಉಚಿತ ಮುಂದುವರಿಕೆ’ ಎಂದೂ ಇತ್ತು.

ಭೂಪಟದ ಜೊತೆ ಬರುವ ಫಲಿತಾಂಶದಲ್ಲೂ ನಾವು ಮೊದಲಿಗರಿದ್ದೇವಲ್ಲ ಎಂದೆ. ಆ ಫಲಿತಾಂಶಕ್ಕೆ ಗೂಗಲ್ ಮುಖ್ಯವಾಗಿ ನೋಡುವುದು ಹುಡುಕಿದ ಪದಕ್ಕೆ ಹೊಂದಿಕೆ, ಹುಡುಕುವವರಿಂದ ದೂರ, ಹೆಸರುವಾಸಿ ಈ ಮೂರನ್ನು. ನಮ್ಮದೇ ಕಣದಲ್ಲಿ ನಿಂತು ಹುಡುಕಿದರೆ ನಮ್ಮ ಮನೆಯೇ ಬಾರದೆ ಇನ್ಯಾರದು ಬರುತ್ತದೆ! ಅಕ್ಕನ ಮಗ ಸರ್ಚ್ ಕನ್ಸೋಲ್ ಎಂಬುದನ್ನು ತೆರೆದುಕೊಟ್ಟ. ಗೂಗಲ್ ಪುಕ್ಕಟೆ ಕೊಡುವ ಸಾಧನ. ಜನ ಏನು ಹುಡುಕಿದಾಗ ನಮ್ಮ ತಾಣ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು ಅದರಲ್ಲಿ ನೋಡಬಹುದು. ಕೆಲವು ವಾರಗಳ ಮಾಹಿತಿ ಸೇರಿದ ಮೇಲೂ ನಮ್ಮ ಚಿನ್ನದಂಥ ಪದಗುಚ್ಛ ಅಲ್ಲಿ ಇರಲೇ ಇಲ್ಲ. ತೀರಾ ಕಡಿಮೆ ಜನ ಹುಡುಕುವ ಪದಗಳನ್ನು, ಅವರ ಗುರುತು ಬಯಲಾಗದಿರಲಿ ಎಂದು, ಆ ಪಟ್ಟಿ ಮರೆಮಾಚುತ್ತದೆಯಂತೆ. ಗೂಗಲ್ ಹಾಗೆ ಜೋಪಾನವಾಗಿ ಕಾಪಾಡುತ್ತಿದ್ದುದು ಹಲಸಿನ ಮರದಡಿಯ ನನ್ನ ಗುರುತನ್ನೇ.

“ಹಾಳೂರಿಗೆ ಉಳಿದವನೇ ಗೌಡ” ಎಂದಳು ಹೆಂಡತಿ. ನಾವು ಗೌಡರೇ ಆದ್ದರಿಂದ ಮಾತು ಸ್ವಲ್ಪ ಹೆಚ್ಚೇ ನಾಟಿತು.

ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು, ವಿಶೇಷ ಸಂಬಂಧವಿದೆ ಎನ್ನುವವರ ಬಗ್ಗೆ ಎಚ್ಚರವಿರಲಿ ಎಂದು ಗೂಗಲ್ ತಾನೇ ಜಾಲತಾಣದ ಮಾಲೀಕರಿಗೆ ಬರೆದಿಟ್ಟಿದೆ. ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಅಲ್ಲೇ ಇದೆ. ಜಾಹೀರಾತಿಗೆ ಹಣ ಕೊಟ್ಟರೆ ಜಾಹೀರಾತಿನ ಜಾಗ ಸಿಗುತ್ತದೆ, ಅದರ ಕೆಳಗಿನ ಸಹಜ ಫಲಿತಾಂಶದ ಜಾಗ ಮಾರಾಟಕ್ಕಿಲ್ಲ. ಇದನ್ನೆಲ್ಲ ಮೆಣಸು ಮಾರುವ ಮೊದಲು ಓದಬೇಕಿತ್ತು.

ಹಾಗಾದರೆ ಜನವರಿಯಲ್ಲೇ ಬಿಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಬಿಡುವವನೇ ಇದ್ದೆ. ತಿಂಗಳಿಗೆ 6,000ಕ್ಕೆ ಇಳಿಸುತ್ತೇವೆ ಎಂದರು, ದಾಕ್ಷಿಣ್ಯಕ್ಕೆ ಒಪ್ಪಿದೆ. ಫೆಬ್ರುವರಿಯಲ್ಲಿ ಅವರ ಕಚೇರಿಯ ಒಬ್ಬ ಹುಡುಗಿ ಕರೆ ಮಾಡಿದಳು. ಬರೆಯುವ ಕೆಲಸ ಅವಳದು. “ಸರ್, ಕಾಫಿ ಹೂವು ಯಾವ ತಾರೀಖಿಗೆ ಅರಳುತ್ತದೆ?” ಎಂದು ಕೇಳಿದಳು. ಕಾಫಿ ಬೆಳೆಗಾರನಿಗೆ ಈ ಪ್ರಶ್ನೆ ಕೇಳಬಾರದು. ತಾರೀಖಿಲ್ಲ ತಾಯಿ, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತದೆ, ಮಳೆ ಬಾರದಿದ್ದರೆ ರೊಬಸ್ಟಾ ಕಾಫಿಯವರು ಸ್ಪ್ರಿಂಕ್ಲರ್ ಇಡುತ್ತಾರೆ, ಬೆಳ್ಳಗೆ ಇರುವುದು ಎರಡು ಮೂರೇ ದಿನ, ಮಲ್ಲಿಗೆಯಂಥ ಪರಿಮಳ, ಜೇನಿನ ಝೇಂಕಾರಕ್ಕೆ ಮಾತೇ ಕೇಳಿಸುವುದಿಲ್ಲ ಎಂದು ನಲವತ್ತು ನಿಮಿಷ ಹೇಳಿದೆ. ಅವಳು ಅಷ್ಟನ್ನೂ ಬರೆದು ನಮ್ಮ ತಾಣದಲ್ಲಿ ಒಂದು ಪುಟ ಮಾಡಿದಳು. ಮಳೆ ಬಿದ್ದ ದಿನವನ್ನು ನಾನು ಅದರಲ್ಲಿ ಸೇರಿಸುವಂತೆಯೂ ಮಾಡಿಕೊಟ್ಟಳು.

ಮಾರ್ಚ್‌ನಲ್ಲಿ ಫೋನ್ ಬರತೊಡಗಿತು. ಹುಬ್ಬಳ್ಳಿಯ ದಂಪತಿ, ಬೆಂಗಳೂರಿನ ನಿವೃತ್ತ ಶಿಕ್ಷಕಿಯರ ಗುಂಪು, ಎಲ್ಲರದೂ ಒಂದೇ ಪ್ರಶ್ನೆ, “ಅರಳಿದೆಯಾ?” ಆ ಹೂವಿನ ಕಾಲದಲ್ಲಿ ಒಂಬತ್ತು ಬುಕಿಂಗ್ ಆ ಪುಟದಿಂದಲೇ ಬಂದವು. ಕಂಪನಿಯ ತಿಂಗಳ ವರದಿಯಲ್ಲಿ ಅದರ ಹೆಸರು ಒಮ್ಮೆಯೂ ಬರಲಿಲ್ಲ. ಖಾತರಿಯ ಹತ್ತರಲ್ಲಿ ಅದು ಇರಲಿಲ್ಲವಲ್ಲ! ಜೂನ್‌ನಲ್ಲಿ ಆ ಹುಡುಗಿ ಕೆಲಸ ಬಿಟ್ಟಳು. ನಂತರ ನನಗೆ ಕರೆ ಮಾಡಿದವರೆಲ್ಲ ಹಣಕ್ಕಾಗಿಯೇ ಮಾಡಿದರು.

ಬಿಡಲು ಹೊರಟಾಗ ಇನ್ನೊಂದು ಕಾದಿತ್ತು. ನಮ್ಮ ಮನೆಯ ಹೆಸರಿನ ಡೊಮೇನ್, ಅಂದರೆ ಜಾಲತಾಣದ ವಿಳಾಸ, ನೋಂದಣಿಯಾಗಿದ್ದುದು ಕಂಪನಿಯ ಹೆಸರಿನಲ್ಲಿ. ಗೂಗಲ್ ಭೂಪಟದ ಖಾತೆಯ ಮುಖ್ಯ ಒಡೆತನವೂ ಅವರದೇ. ಅಜ್ಜ ಕಟ್ಟಿಸಿದ ಮನೆಯ ಹೆಸರನ್ನು ಬಿಡಿಸಿಕೊಳ್ಳಲು ‘ವರ್ಗಾವಣೆ ಶುಲ್ಕ’ ಎಂದು 4,000 ಮತ್ತು ಎರಡು ತಿಂಗಳು ಹಿಡಿಯಿತು. ಕೈಗೆ ಬಂದ ಮೇಲೆ ಅಕ್ಕನ ಮಗ ತಪಾಸಣೆ ಮಾಡಿದ. ಟೈರ್ ಅಂಗಡಿ, ಜೂಜಿನ ತಾಣ ಎಲ್ಲೆಲ್ಲಿಂದಲೋ ನಮ್ಮ ತಾಣಕ್ಕೆ ಕೊಂಡಿಗಳು, ಅಂದರೆ ಲಿಂಕುಗಳು. ಸ್ಥಾನ ಏರಿಸಲು ಕೊಂಡಿ ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಶಿಕ್ಷೆಯಾಗಿ ತಾಣವನ್ನು ಕೆಳಗಿಳಿಸಿದರೆ ಅನುಭವಿಸುವುದು ತಾಣದ ಮಾಲೀಕನೇ. ಸದ್ಯ ಸರ್ಚ್ ಕನ್ಸೋಲ್‌ನಲ್ಲಿ ಅಂಥ ಎಚ್ಚರಿಕೆ ಏನೂ ಬಂದಿಲ್ಲ, ವಾರಕ್ಕೊಮ್ಮೆ ಇಣುಕುತ್ತೇನೆ.

ಐದಕ್ಕೆ ಎರಡು ಅಂಕ ಕೊಡುತ್ತೇನೆ, ಎರಡೂ ಆ ಹುಡುಗಿಗೆ. ಎರಡು ಮೂರು ಕೋಣೆಯ ನನ್ನಂಥವರು ಕರೆ ಬಂದರೆ ಪದಗಳನ್ನು ಯಾರು ಆರಿಸುತ್ತಾರೆ, ಡೊಮೇನ್ ಯಾರ ಹೆಸರಿನಲ್ಲಿ ಇರುತ್ತದೆ ಎಂದು ಮೊದಲೇ ಕೇಳಿ. ದೊಡ್ಡ ರೆಸಾರ್ಟಿನವರ ಲೆಕ್ಕ ಬೇರೆ ಇರಬಹುದು, ನನಗೆ ಅದು ಸಂಬಂಧವಿಲ್ಲ.

ಬೆಳಿಗ್ಗೆ ಈಗಲೂ ಕಾಫಿ ಹಿಡಿದು ಕಣಕ್ಕೆ ಹೋಗುತ್ತೇನೆ, ನಾಯಿಯೂ ಬರುತ್ತದೆ. ಮಳೆಮಾಪಕ ನೋಡಿ ಇಂಚು, ಸೆಂಟು ಬರೆದುಕೊಳ್ಳುತ್ತೇನೆ. ಅದೇ ಪುಸ್ತಕದ ಕೊನೆಯ ಪುಟದಲ್ಲಿ ಡೊಮೇನ್‌ನ ಪಾಸ್‌ವರ್ಡ್ ಮತ್ತು ನವೀಕರಣದ ತಾರೀಖು ಇವೆ, ಹೆಂಡತಿಯ ಕೈಬರಹದಲ್ಲಿ.