ಸೀತನಿ ತಿನ್ನಲು ಮಕ್ಕಳ ಜೊತೆ ಜೇವರ್ಗಿ ರಸ್ತೆಯ ಹೊಲಕ್ಕೆ

ನಮ್ಮದು ಸ್ವಂತ ಹೊಲ ಇಲ್ಲದ ಮನೆ. ಕಲಬುರಗಿಯಲ್ಲಿ ಚಳಿಗಾಲ ಬಂತೆಂದರೆ ಈ ಕೊರತೆ ಜಾಸ್ತಿ ಕಾಡುತ್ತದೆ. ಎಳ್ಳ ಅಮಾವಾಸ್ಯೆ ದಿನ ಓಣಿಯ ಅರ್ಧ ಜನ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೊರಡುತ್ತಾರೆ. ಯಾರಾದರೂ ಕರೆದರೆ ನಾವೂ ಹೋಗುತ್ತೇವೆ. ಯಾರೂ ಕರೆಯದ ವರ್ಷ ಮಕ್ಕಳು ಗೇಟಿನ ಹತ್ತಿರ ನಿಂತು ಹೋಗುವವರನ್ನು ನೋಡುತ್ತಾರೆ. ನಮ್ಮಂಥವರಿಗೆ ಈ ಸೀತನಿ (ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ ಹಸಿರು ಕಾಳು) ಹೊಲದ ಬಗ್ಗೆ ಹೇಳಲೇಬೇಕು. ದುಡ್ಡು ಕೊಟ್ಟು ಹೋಗುವ ಜಾಗ, ನಿಜ. ಆದರೆ ಅಲ್ಲಿ ಮಕ್ಕಳಿಗೆ ಹೊಲ ಸಿಗುತ್ತದೆ.

ಜೇವರ್ಗಿ ರಸ್ತೆಯಲ್ಲಿ ಫರಹತಾಬಾದ್ ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆ ಇದೆ. ಅಂಗಡಿಗೆ ಹೆಸರಿಲ್ಲ. ರಟ್ಟಿನ ಮೇಲೆ ‘ಬಿಸಿ ಸೀತನಿ’ ಅಂತ ಬರೆದು ಬೇವಿನ ಮರಕ್ಕೆ ಕಟ್ಟಿದ್ದಾರೆ. ಒಂದು ತಗಡಿನ ಚಪ್ಪರ, ಕೆಳಗೆ ಹೊರಸು (ಹಗ್ಗದ ಮಂಚ), ಹಾಸಿದ ಜಮಖಾನೆ. ಹಿಂದೆ ಎರೆ ಹೊಲದಲ್ಲಿ ಆಳೆತ್ತರದ ಜೋಳ. ನಡೆಸುವವರು ಒಬ್ಬ ಮುತ್ಯಾ (ಅಜ್ಜ) ಮತ್ತು ಅವರ ಸೊಸೆ.

ಬೇರೆ ಕಡೆಯಿಂದ ವರ್ಗವಾಗಿ ಬಂದವರಿಗಾಗಿ ಒಂದು ಮಾತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳಕ್ಕೆ ಡಿಸೆಂಬರ್ ಕೊನೆಯ ಹೊತ್ತಿಗೆ ತೆನೆಯಲ್ಲಿ ಹಾಲು ತುಂಬುತ್ತದೆ. ಆ ಹಾಲು ಗಟ್ಟಿಯಾಗಿ, ಕಾಳು ಇನ್ನೂ ಹಸಿರಾಗಿ, ಮೆತ್ತಗೆ ಇರುವ ಕೆಲವೇ ದಿನ ಸೀತನಿ. ಆಮೇಲೆ ಸಿಹಿಯೆಲ್ಲ ಹಿಟ್ಟಾಗಿ ಕಾಳು ಬಲಿತುಬಿಡುತ್ತದೆ. ಅದಕ್ಕೇ ಮುತ್ಯಾ ಒಂದೇ ಸಲ ಬಿತ್ತುವುದಿಲ್ಲ, ವಾರ ಬಿಟ್ಟು ವಾರ ಪಟ್ಟಿ ಪಟ್ಟಿಯಾಗಿ ಬಿತ್ತುತ್ತಾರೆ. ರೊಟ್ಟಿಗೆ ಮಾಲದಂಡಿ ಒಂದು ಕಡೆ, ಸೀತನಿಗೆಂದೇ ಸಕ್ಕರಿ ಮುಕ್ಕರಿ ಜೋಳ ಇನ್ನೊಂದು ಕಡೆ. ಇದರ ಕಾಳು ಸಿಹಿ ಜಾಸ್ತಿ, ತಿಕ್ಕಿದರೆ ಬೇಗ ಬಿಡುತ್ತದೆ.

ನನಗೆ ಈ ಜಾಗ ಯಾಕೆ ಇಷ್ಟ ಅಂದರೆ, ಇಲ್ಲಿ ಮಕ್ಕಳಿಗೆ ಮಾಡಲು ಕೆಲಸ ಇದೆ. ಊರಲ್ಲಿ ಮಕ್ಕಳಿಗೆಂದು ಮಾಡಿದ ಎಷ್ಟೋ ಜಾಗಗಳಲ್ಲಿ ಟಿಕೆಟ್ ತೆಗೆದು ಕೂರಿಸಿದರೆ ಮುಗಿಯಿತು, ಯಂತ್ರ ತಿರುಗುತ್ತದೆ, ಮಗು ಸುಮ್ನೆ ಕೂತಿರುತ್ತದೆ. ಇಲ್ಲಿ ಹಾಗಿಲ್ಲ. ಮುತ್ಯಾ ಕುಡುಗೋಲು ಹಿಡಿದು ಮುಂದೆ ಹೋದರೆ ನನ್ನ ಆರು ವರ್ಷದ ಮಗ ಹಿಂದೆ ಬುಟ್ಟಿ ಹೊತ್ತು ಹೋಗುತ್ತಾನೆ. ತೆನೆಯ ಒಂದು ಕಾಳು ಕಿತ್ತು ಉಗುರಲ್ಲಿ ಒತ್ತಿ ನೋಡುವುದನ್ನು ಅವರೇ ಕಲಿಸಿದರು. ಹಾಲು ಚಿಮ್ಮಿದರೆ ಬೇಡ. ಉಗುರು ಮೆತ್ತಗೆ ಇಳಿದರೆ ಸರಿ. ಅವನು ಈಗ ಮನೆಯಲ್ಲಿ ಬಟಾಣಿಯನ್ನೂ ಹಾಗೇ ಒತ್ತಿ ನೋಡುತ್ತಾನೆ.

ಆಮೇಲೆ ಸುಡುವುದು. ಕುಣಿಯಲ್ಲಿ ಕುಳ್ಳು (ಬೆರಣಿ) ಹಚ್ಚಿ, ಉರಿ ಆರಿ ಕೆಂಡವಾದ ಮೇಲೆ ತೆನೆಗಳನ್ನು ಬೂದಿಯಲ್ಲಿ ಮುಚ್ಚುತ್ತಾರೆ. ಉರಿಯಲ್ಲಿ ಸುಟ್ಟರೆ ಮೇಲೆ ಕಪ್ಪು, ಒಳಗೆ ಹಸಿ. ತೆಗೆದ ತೆನೆಯನ್ನು ತಟ್ಟಿನ (ಗೋಣಿಚೀಲದ) ಮೇಲಿಟ್ಟು ಬಿಸಿ ಇರುವಾಗಲೇ ತಿಕ್ಕಬೇಕು. ಇದನ್ನು ದೊಡ್ಡವರೇ ಮಾಡುತ್ತಾರೆ. ಆದರೆ ಮುತ್ಯಾ ಪ್ರತಿ ಸಲವೂ ಒಂದೆರಡು ತೆನೆ ಬದಿಗಿಟ್ಟು, ಸ್ವಲ್ಪ ಆರಿದ ಮೇಲೆ ಮಕ್ಕಳನ್ನು ಕರೆಯುತ್ತಾರೆ. “ಬಾರೋ ತಮ್ಮಾ, ಇದು ನಿಂದು, ನೀನೇ ತಿಕ್ಕು.” ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ, ಹಸಿರು ಕಾಳು ಮುತ್ತಿನಂತೆ ಉಳಿಯುತ್ತದೆ. ತಾನು ತಿಕ್ಕಿದ ಕಾಳನ್ನು ಮಗ ಮೊದಲು ತನ್ನ ಅಜ್ಜಿಗೆ ಕೊಟ್ಟ. ನಮ್ಮ ಅತ್ತೆ ತವರಲ್ಲಿ ಹೊಲ ಇದ್ದವರು. ಎಷ್ಟೋ ವರ್ಷದ ಮೇಲೆ ಅವರು ಹೊಲದಲ್ಲಿ ಕಾಲು ಚಾಚಿ ಕೂತಿದ್ದನ್ನು ನಾನು ನೋಡಿದೆ.

ಜೊತೆಗೆ ತಿನ್ನಲು ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯೂ ಕೊಡುತ್ತಾರೆ. ತೊಗರಿ ಬೆಳೆಯುವ ನಾಡಲ್ಲಿ ಹುಟ್ಟಿದ ಮಕ್ಕಳಿಗೆ ಬೇಳೆ ಪ್ಯಾಕೆಟ್ಟಿನಿಂದ ಬರುವುದಲ್ಲ ಅಂತ ಗೊತ್ತಾಗಬೇಕು, ಅಲ್ವಾ? ಹಿಂಡಿ ಖಾರ ಇದೆ, ಮಕ್ಕಳಿಗೆ ಬೆಲ್ಲ ಮೊಸರೇ ಸಾಕು. ಸೀತನಿ ಆರಿದರೆ ಗಟ್ಟಿಯಾಗುತ್ತದೆ, ಮನೆಗೆ ಕಟ್ಟಿಸಿಕೊಂಡು ಬಂದು ಪ್ರಯೋಜನವಿಲ್ಲ.

ಎರಡು ವರ್ಷದ ಮಗಳಿಗೆ ಕಾಳನ್ನು ಹಾಗೇ ಕೊಡಲಿಲ್ಲ. ಸಣ್ಣ ಮಕ್ಕಳ ಗಂಟಲಲ್ಲಿ ಇಡೀ ಕಾಳು, ಶೇಂಗಾ ಸಿಕ್ಕಿಕೊಳ್ಳುವ ಭಯ ಇದೆ. ನಾನು ಹೇಳುವ ಮೊದಲೇ ಸೊಸೆ ಹೇಳಿದರು: “ಅಕ್ಕಾರ, ಕೂಸಿಗೆ ಹಿಸುಕಿ ಮೊಸರಾಗ ಕಲಸಿ ಕೊಡ್ರಿ.” ಬಟ್ಟಲು, ಚಮಚ ಕೂಡ ಅವರೇ ತಂದರು. ಇಂಥ ಕಾಳಜಿ ದೊಡ್ಡ ಹೋಟೆಲುಗಳಲ್ಲೂ ನನಗೆ ಸಿಕ್ಕಿಲ್ಲ.

ದೊಡ್ಡವರಿಗೆ 200 ರೂಪಾಯಿ, ಹತ್ತು ವರ್ಷದೊಳಗಿನವರಿಗೆ 100, ಕೂಸುಗಳಿಗೆ ಇಲ್ಲ. ಸಾಕು ಅನ್ನುವವರೆಗೆ ಕೊಡುತ್ತಾರೆ.

ಈಗ ಸರಿಯಿಲ್ಲದ್ದು. ಶೌಚಾಲಯ ಇಲ್ಲ. ಹೆಣ್ಣುಮಕ್ಕಳು, ಸಣ್ಣ ಮಕ್ಕಳು ಬರುವ ಜಾಗದಲ್ಲಿ ಇದು ದೊಡ್ಡ ಕೊರತೆ. ಸೊಸೆಗೆ ಹೇಳಿದ್ದೇನೆ, ಮುಂದಿನ ಸುಗ್ಗಿಗೆ ತಗಡಿನದ್ದಾದರೂ ಒಂದು ಮಾಡುತ್ತೇವೆ ಅಂದಿದ್ದಾರೆ. ಕುಣಿ ಚಪ್ಪರಕ್ಕೆ ತೀರಾ ಹತ್ತಿರ ಇದೆ, ಗಾಳಿ ತಿರುಗಿದರೆ ಕುಳ್ಳಿನ ಹೊಗೆಯೆಲ್ಲ ಕೂತವರ ಮುಖಕ್ಕೆ. ದಮ್ಮು ಇರುವ ಮಕ್ಕಳನ್ನು ದೂರದ ಹೊರಸಿನ ಮೇಲೆ ಕೂರಿಸಿ. ಇನ್ನೊಂದು, ಬಾಗಿಲಲ್ಲೇ ಚಿಪ್ಸ್ ಪ್ಯಾಕೆಟ್ಟುಗಳ ಸರ ನೇತುಹಾಕಿದ್ದಾರೆ. ಹೊಲಕ್ಕೆ ಬಂದ ಮಗುವಿನ ಕಣ್ಣಿಗೆ ಮೊದಲು ಅದೇ ಬೀಳುತ್ತದೆ. ಮುತ್ಯಾ, ದಯವಿಟ್ಟು ಅದನ್ನು ತೆಗೆಸಿ. ನಿಮ್ಮ ಸೀತನಿಗೆ ಅದರ ಆಸರೆ ಬೇಕಿಲ್ಲ.

ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿ, ಜೋಳದ ಎಲೆಯ ಅಂಚು ಮೈ ಗೀರುತ್ತದೆ. ಎರೆ ಹೊಲದ ಬಿರುಕಲ್ಲಿ ಕಾಲು ಸಿಕ್ಕಬಹುದು, ಚಪ್ಪಲಿಗಿಂತ ಬೂಟು ಒಳ್ಳೆಯದು. ಕುಡಿಯುವ ನೀರು ಮನೆಯಿಂದಲೇ ತನ್ನಿ. ಬೆಳಿಗ್ಗೆ ಚಳಿ ಇದ್ದರೂ ಮಧ್ಯಾಹ್ನದ ಬಿಸಿಲು 30 ಡಿಗ್ರಿಯ ಹತ್ತಿರ ಹೋಗುತ್ತದೆ, ಒಂಬತ್ತಕ್ಕೆ ಹೋಗಿ ಹನ್ನೆರಡರೊಳಗೆ ಹೊರಡಿ. ಸಂಕ್ರಾಂತಿಯ ಆಸುಪಾಸಿನ ಭಾನುವಾರ ಮಾತ್ರ ಬೇಡ. ಆ ಗದ್ದಲದಲ್ಲಿ ಮುತ್ಯಾನಿಗೆ ಸುಡುವುದಕ್ಕೇ ಪುರಸೊತ್ತಿರುವುದಿಲ್ಲ, ಮಕ್ಕಳಿಗೆ ತಿಕ್ಕಲು ತಟ್ಟೂ ಸಿಗುವುದಿಲ್ಲ.