ಇನ್‌ಫೆಕ್ಷನ್ ಮತ್ತು ಪಿಎಚ್‌ಪಿಸ್ಟ್ಯಾನ್ ಜೋಡಿ: ದೀರ್ಘ ಬಳಕೆಯ ನಂತರ

ಇನ್‌ಫೆಕ್ಷನ್ ಪಿಎಚ್‌ಪಿ ಕೋಡಿನೊಳಗೆ ಬೇಕೆಂದೇ ಸಣ್ಣ ತಪ್ಪುಗಳನ್ನು ತುರುಕಿ, ಟೆಸ್ಟ್‌ಗಳು ಅವನ್ನು ಹಿಡಿಯುತ್ತವೆಯೇ ಎಂದು ನೋಡುವ ಸಾಧನ. ತಪ್ಪಿಸಿಕೊಂಡ ಮ್ಯುಟೆಂಟ್‌ಗಳ (ಹೀಗೆ ತಪ್ಪು ತುರುಕಿದ ಕೋಡಿನ ರೂಪಗಳ) ಪಟ್ಟಿಯನ್ನು ಕೂತು ಓದುವವರಿಗೆ ಒಂದು ಕಿರಿಕಿರಿ ಗೊತ್ತೇ ಇರುತ್ತದೆ: ಅವುಗಳಲ್ಲಿ ಕೆಲವನ್ನು, ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಪಿಎಚ್‌ಪಿಸ್ಟ್ಯಾನ್ ಹೇಗಿದ್ದರೂ ತಡೆಯುತ್ತಿತ್ತು. ಅಂಥವಕ್ಕೆ ಟೆಸ್ಟ್ ಬರೆಯುವುದು ದಂಡ. 2025ರಲ್ಲಿ ಬಂದ ಸ್ಟ್ಯಾಟಿಕ್ ಅನಾಲಿಸಿಸ್ ಆಯ್ಕೆ ಈ ಕೊರತೆಯನ್ನು ತುಂಬಿದೆ. ಈಗ ಟೆಸ್ಟ್‌ಗಳಿಂದ ತಪ್ಪಿಸಿಕೊಂಡ ಮ್ಯುಟೆಂಟ್‌ಗಳು ಮಾತ್ರ ಪಿಎಚ್‌ಪಿಸ್ಟ್ಯಾನ್ ಮುಂದೆ ಹೋಗುತ್ತವೆ.

ಲಾಭ ಎಲ್ಲಿದೆ ಎಂಬುದಕ್ಕೆ ಈ ಪ್ರಕರಣ ನೋಡಿ. ಬಳಕೆದಾರರನ್ನು ಅರೇ ಫಿಲ್ಟರ್‌ನಲ್ಲಿ ಸೋಸಿ, ಕೀಗಳನ್ನು 0, 1, 2 ಎಂದು ಮತ್ತೆ ಜೋಡಿಸುವ ಅರೇ ವ್ಯಾಲ್ಯೂಸ್‌ಗೆ ಕೊಟ್ಟು ಹಿಂದಿರುಗಿಸುವ ಮೆಥಡ್ ಇದೆ. ಇನ್‌ಫೆಕ್ಷನ್ ಅರೇ ವ್ಯಾಲ್ಯೂಸ್ ಅನ್ನು ಕಿತ್ತುಹಾಕುತ್ತದೆ. ಎಷ್ಟು ಜನ, ಯಾರು ಯಾರು ಎಂದಷ್ಟೇ ನೋಡುವ ಟೆಸ್ಟ್ ಪಾಸಾಗುತ್ತದೆ. ಆದರೆ ಕೀಗಳು 0, 2, 5 ಎಂದು ಉಳಿದಿರುವುದರಿಂದ ಜೇಸನ್ ಎನ್‌ಕೋಡ್ ಅರೇ ಬದಲು ಆಬ್ಜೆಕ್ಟ್ ಕೊಡುತ್ತದೆ, ಮುಂದಿನ ಜಾವಾಸ್ಕ್ರಿಪ್ಟ್ ಮುರಿಯುತ್ತದೆ. ರಿಟರ್ನ್ ಟೈಪ್‌ನಲ್ಲಿ ‘ಲಿಸ್ಟ್’ (ಕೀಗಳು ಸೊನ್ನೆಯಿಂದ ಸಾಲಾಗಿರುವ ಅರೇ) ಎಂದು ಬರೆದಿದ್ದರೆ ಪಿಎಚ್‌ಪಿಸ್ಟ್ಯಾನ್ ಇದನ್ನು ಹಿಡಿಯುತ್ತದೆ. ಬರೀ ‘ಅರೇ’ ಎಂದಿದ್ದರೆ ಬಿಟ್ಟುಬಿಡುತ್ತದೆ. ಈ ಜೋಡಿಯ ಬಲವೆಲ್ಲ ನೀವು ಬರೆದ ಟೈಪ್‌ಗಳಲ್ಲೇ ಇದೆ. ‘ಹೆಚ್ಚು’ ಎಂಬ ಹೋಲಿಕೆ ‘ಹೆಚ್ಚು ಅಥವಾ ಸಮ’ ಎಂದು ಬದಲಾದರೆ ಟೈಪ್ ಬದಲಾಗುವುದಿಲ್ಲ. ಆ ಗಡಿಯ ಬೆಲೆಗೆ ಟೆಸ್ಟ್ ಬರೆಯದೆ ಬೇರೆ ದಾರಿಯಿಲ್ಲ.

ಹಾಕಿಕೊಳ್ಳುವುದು ಕಷ್ಟವಲ್ಲ. ಮೂಲ ಕೋಡ್ ಮೊದಲು ಪಿಎಚ್‌ಪಿಸ್ಟ್ಯಾನ್‌ನಲ್ಲಿ ದೋಷವಿಲ್ಲದೆ ಪಾಸಾಗಬೇಕು. ಕವರೇಜ್ (ಟೆಸ್ಟ್‌ಗಳು ಯಾವ ಸಾಲುಗಳನ್ನು ಮುಟ್ಟಿದವು ಎಂಬ ಮಾಹಿತಿ) ಸಂಗ್ರಹಿಸಲು ಎಕ್ಸ್‌ಡಿಬಗ್‌ಗಿಂತ ಪಿಕೋವ್ ವೇಗ. ಸಿಐಯಲ್ಲಿ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಪಿಎಚ್‌ಪಿಸ್ಟ್ಯಾನ್‌ನ ರಿಸಲ್ಟ್ ಕ್ಯಾಶ್ ಉಳಿಸಿಕೊಳ್ಳಿ. ಥ್ರೆಡ್ ಹೆಚ್ಚಿಸಿದಂತೆ ಮೆಮೊರಿಯೂ ಏರುತ್ತದೆ, ಚಿಕ್ಕ ರನ್ನರ್‌ನಲ್ಲಿ ಎರಡರಿಂದ ಶುರು ಮಾಡುವುದು ಕ್ಷೇಮ.

ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಎಂಎಸ್‌ಐ (ಒಟ್ಟು ಮ್ಯುಟೆಂಟ್‌ಗಳಲ್ಲಿ ಹಿಡಿದವು ಶೇಕಡಾ ಎಷ್ಟು ಎಂಬ ಅಂಕ) ಲೆಕ್ಕದಲ್ಲಿ ಟೈಮ್‌ಔಟ್ ಆದವೂ ಎರರ್ ಕೊಟ್ಟವೂ ಹಿಡಿದವುಗಳ ಜೊತೆಗೇ ಸೇರುತ್ತವೆ. ಟೈಮ್‌ಔಟ್ ತೀರಾ ಕಡಿಮೆ ಇಟ್ಟರೆ ನಿಧಾನದ ಟೆಸ್ಟ್‌ಗಳೇ ಅಂಕ ತಂದುಕೊಡಬಹುದು. ಇದಕ್ಕಿಂತ ಕೆಟ್ಟದ್ದು, ಹಲವು ಥ್ರೆಡ್‌ಗಳು ಒಂದೇ ಡೇಟಾಬೇಸ್ ಮುಟ್ಟುವುದು: ಟೆಸ್ಟ್‌ಗಳು ಒಂದಕ್ಕೊಂದು ಅಡ್ಡಬಂದು ಬೀಳುತ್ತವೆ, ವರದಿಯಲ್ಲಿ ಮ್ಯುಟೆಂಟ್ ‘ಸತ್ತಿದೆ’, ಅಂದರೆ ಟೆಸ್ಟ್ ಅದನ್ನು ಹಿಡಿದಿದೆ, ಎಂದು ಬರುತ್ತದೆ. ಇನ್‌ಫೆಕ್ಷನ್ ಪ್ರತಿ ಪ್ರೊಸೆಸ್‌ಗೆ ಕೊಡುವ ‘ಟೆಸ್ಟ್ ಟೋಕನ್’ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಡೇಟಾಬೇಸ್ ಹೆಸರಿಗೆ ಸೇರಿಸಿದರೆ ಇದು ಬಗೆಹರಿಯುತ್ತದೆ.

ಪುಲ್ ರಿಕ್ವೆಸ್ಟ್‌ಗಳಲ್ಲಿ ಗಿಟ್ ಡಿಫ್ ಲೈನ್ಸ್ ಆಯ್ಕೆ ಹಾಕಿ, ಬದಲಾದ ಸಾಲುಗಳಿಗಷ್ಟೇ ಓಡಿಸಿ. ಇಡೀ ಪ್ರಾಜೆಕ್ಟಿಗೆ ರಾತ್ರಿಯ ಓಟ ಸಾಕು. ಪಿಎಚ್‌ಪಿಸ್ಟ್ಯಾನ್ ಸೇರಿಸಿದ ದಿನ ಎಂಎಸ್‌ಐ ಏರಿದರೆ ಕನಿಷ್ಠ ಮಿತಿಯನ್ನೂ ಆ ಹೊಸ ಮಟ್ಟಕ್ಕೆ ಏರಿಸಿ. ಇಲ್ಲದಿದ್ದರೆ ಆ ಅಂತರದಷ್ಟು ದುರ್ಬಲ ಟೆಸ್ಟ್‌ಗಳು ಯಾರ ಗಮನಕ್ಕೂ ಬಾರದೆ ಒಳಗೆ ಸೇರಿಕೊಳ್ಳುತ್ತವೆ.